ಅಮ್ಮನ ಹಾಡಿನ ಪುಸ್ತಕದಲ್ಲಿ ಇಲ್ಲದ ಹಾಡು

ಜೆಪ್ಪಿನ ನಮ್ಮ ಹಳೆ ಮನೆಯ ಮಾಡು ಬಿಚ್ಚಿಸಿ ಮೂರು ವರ್ಷ ಆಯಿತು. ಪಕ್ಕಾಸಿಗೆ ಗೆದ್ದಲು ಹಿಡಿದಿತ್ತು. ‘ಇನ್ನೊಂದು ಮಳೆಗಾಲ ತಡೆಯುವುದಿಲ್ಲ’ ಅಂತ ಆಚಾರಿ ಹೇಳಿಬಿಟ್ಟಿದ್ದರು. ಹಂಚು ಇಳಿಸುವ ಮೊದಲು ಅಟ್ಟ ಖಾಲಿ ಮಾಡಬೇಕಲ್ಲ, ಹಾಗೆ ಮಾಡುವಾಗ ತುಕ್ಕು ಹಿಡಿದ ಬಿಸ್ಕತ್ತಿನ ಡಬ್ಬಿಯೊಂದು ಸಿಕ್ಕಿತು. ಒಳಗೆ ಅಮ್ಮನ ಹಾಡಿನ ಪುಸ್ತಕ!

200 ಪುಟದ ಗೆರೆ ಹಾಕಿದ ನೋಟ್‌ಬುಕ್ಕು. ರಟ್ಟು ಹೋಗಿದೆ. ಮೊದಲ ಪುಟದಲ್ಲಿ ಅರಶಿನದ ಬೊಟ್ಟು, ‘ಶ್ರೀ’ ಅಂತ ಬರೆದು ಕೆಳಗೆ ಎರಡು ಗೆರೆ. ಆಮೇಲೆ ಹಾಡುಗಳೇ ಹಾಡುಗಳು. ಅಮ್ಮ ಮದುವೆಯಾಗಿ ಪುತ್ತೂರಿನ ಕಡೆಯಿಂದ ಜೆಪ್ಪಿಗೆ ಬಂದದ್ದು 1969ರಲ್ಲಿ. ಅಲ್ಲಿಂದ ಸುಮಾರು ಹದಿನೈದು ವರ್ಷ ಆಕೆ ಕೇಳಿದ, ಕಲಿತ, ಇಷ್ಟಪಟ್ಟ ಹಾಡೆಲ್ಲ ಅದರಲ್ಲಿದೆ. ಕೆಲವು ನೀಲಿ ಶಾಯಿಯಲ್ಲಿ, ಕೆಲವು ಪೆನ್ಸಿಲಿನಲ್ಲಿ, ಒಂದೆರಡು ಅಪ್ಪನ ಕೆಂಪು ಪೆನ್ನಿನಲ್ಲಿ.

ನಿಮ್ಮ ಇಷ್ಟದ ಹಾಡು ಯಾವುದು ಅಂತ ಯಾರಾದರೂ ಕೇಳಿದರೆ ನಾನು ತಡವರಿಸುತ್ತಿದ್ದೆ. ಒಂದು ಹೇಳಿದರೆ ಇನ್ನೊಂದಕ್ಕೆ ಬೇಜಾರಾದೀತು ಅನ್ನುವ ಹಾಗೆ! ಆ ಪುಸ್ತಕ ತಿರುವಿ ಹಾಕಿದಾಗ ಗೊತ್ತಾಯಿತು, ನನ್ನ ಇಷ್ಟದ ಹಾಡುಗಳ ಪಟ್ಟಿಯನ್ನು ಅಮ್ಮ ನಾನು ಹುಟ್ಟುವ ಮೊದಲೇ ಬರೆಯಲು ಶುರು ಮಾಡಿದ್ದಳು. ಒಂದನ್ನು ಬಿಟ್ಟು. ಆ ಒಂದರ ವಿಷಯ ಕೊನೆಗೆ ಹೇಳುತ್ತೇನೆ. ಮೊದಲು ಈ ಹಾಡುಗಳೆಲ್ಲ ನಮ್ಮ ಜೆಪ್ಪಿನ ಅಡುಗೆಮನೆಯವರೆಗೆ ನಡೆದು ಬಂದ ದಾರಿ ಹೇಳಬೇಕು. ಅದು ಸಣ್ಣ ದಾರಿ ಅಲ್ಲ ಮಾರಾಯ್ರೆ.

*

ಮಂಗಳೂರಿನವರಲ್ಲದವರಿಗೆ ಜೆಪ್ಪು ಅಂದರೆ ಎಲ್ಲಿ ಅಂತ ಹೇಳಬೇಕಲ್ಲ. ಊರಿನ ದಕ್ಷಿಣ ತುದಿ, ನೇತ್ರಾವತಿ ನದಿಯ ಕಡೆಗೆ. ಮಾರ್ನಮಿಕಟ್ಟೆ, ಮೋರ್ಗನ್ಸ್ ಗೇಟ್, ಮಹಾಕಾಳಿಪಡ್ಪು, ಜೆಪ್ಪು ಮಾರ್ಕೆಟ್ ಎಲ್ಲ ಅಕ್ಕಪಕ್ಕ. ಒಂದು ಕಡೆ ಬೋಳಾರದ ಮಂಗಳಾದೇವಿ ದೇವಸ್ಥಾನ, ಇನ್ನೊಂದು ಕಡೆ ಜೆಸ್ಯೂಟ್ ಪಾದ್ರಿಗಳು 1879ರಲ್ಲಿ ಆರಂಭಿಸಿದ ಸೆಮಿನರಿ, ಮಧ್ಯದಲ್ಲಿ ಪ್ರೊಟೆಸ್ಟೆಂಟರ ಕಾಂತಿ ಚರ್ಚು. ನಮ್ಮ ಮನೆಯ ಜಗಲಿಯಲ್ಲಿ ಕೂತರೆ ಸಂಜೆ ಹೊತ್ತಿಗೆ ಗಂಟೆ ಯಾವ ಕಡೆಯಿಂದ ಕೇಳಿತು ಅಂತ ಹೇಳುವುದೇ ಒಂದು ಆಟ.

ಇನ್ನೊಂದು ಸಂಗತಿ, ಹಂಚು. ಬಾಸೆಲ್ ಮಿಶನ್ನಿನವರು 1865ರಲ್ಲಿ ತಮ್ಮ ಮೊದಲ ಹಂಚಿನ ಕಾರ್ಖಾನೆ ಹಾಕಿದ್ದು ನಮ್ಮ ಜೆಪ್ಪಿನಲ್ಲಿ. ಜಾರ್ಜ್ ಪ್ಲೆಬ್‌ಸ್ಟ್ ಎಂಬಾತ ಅದರ ಹಿಂದಿದ್ದವರು. ತಮಾಷೆ ಅಂದರೆ ಆತ ಮಂಗಳೂರಿಗೆ ಬಂದದ್ದು ಹಂಚು ಮಾಡಲು ಅಲ್ಲ, ಮಿಶನ್ನಿನ ಛಾಪಖಾನೆಯ ಕೆಲಸಕ್ಕೆ. ಕನ್ನಡದ ಅಚ್ಚಿನ ಮೊಳೆಗಳನ್ನು ಸುಧಾರಿಸುವುದರಲ್ಲಿ ಅವರ ಕೈ ಇದೆ. ಆಮೇಲೆ ನೇತ್ರಾವತಿಯ ಜೇಡಿಮಣ್ಣು ಕಣ್ಣಿಗೆ ಬಿತ್ತು. ಅಕ್ಷರವನ್ನೂ ಅಚ್ಚಿಗೆ ಹಾಕಿದ, ಮಣ್ಣನ್ನೂ ಅಚ್ಚಿಗೆ ಹಾಕಿದ ಮನುಷ್ಯ.

ನಮ್ಮ ಮನೆಯ ಹಂಚಿನ ಹಿಂಬದಿಯಲ್ಲಿ ಬಾಸೆಲ್ ಮಿಶನ್ ಟೈಲ್ ವರ್ಕ್ಸ್ ಅಂತ ಇಂಗ್ಲಿಷಿನಲ್ಲಿ ಒತ್ತಿದ ಅಕ್ಷರ, ಜೊತೆಗೆ 1865. ಸಣ್ಣವನಿದ್ದಾಗ ನಮ್ಮ ಮನೆ ಕಟ್ಟಿದ್ದೇ 1865ರಲ್ಲಿ ಅಂತ ಕ್ಲಾಸಿನಲ್ಲೆಲ್ಲ ಜಂಬ ಕೊಚ್ಚಿಕೊಂಡಿದ್ದೆ. ಅದು ಕಾರ್ಖಾನೆ ಶುರುವಾದ ವರ್ಷ, ಮನೆಯದ್ದಲ್ಲ ಅಂತ ತಿಳಿಯುವ ಹೊತ್ತಿಗೆ ಮೀಸೆ ಬಂದಿತ್ತು. ನಮ್ಮ ಅಜ್ಜಿ, ಅಂದರೆ ಅಪ್ಪನ ಅಮ್ಮ, ಇದೇ ವಠಾರದ ಒಂದು ಹಂಚಿನ ಕಂಪೆನಿಯಲ್ಲಿ ಹಸಿ ಹಂಚು ಹೊತ್ತವಳು. ಅವಳ ಮಾತು ಆಮೇಲೆ ಬರುತ್ತದೆ.

*

ಪುಸ್ತಕದ ಮೊದಲ ಹಾಡು, ಲಕ್ಷ್ಮಿಯನ್ನು ಮನೆಗೆ ಕರೆಯುವ ಪುರಂದರದಾಸರ ಪದ. ಯಾವುದು ಅಂತ ಹೇಳಬೇಕಾಗಿಲ್ಲ, ಕನ್ನಡಿಗರಿಗೆಲ್ಲ ಗೊತ್ತು. ದೀಪ ಹಚ್ಚುವಾಗ ಅಮ್ಮ ಅದನ್ನು ಹೇಳದ ದಿನವಿಲ್ಲ. 1983ರಲ್ಲಿ ಶಂಕರ್‌ನಾಗ್ ಅವರ ‘ನೋಡಿ ಸ್ವಾಮಿ ನಾವಿರೋದು ಹೀಗೆ’ ಸಿನಿಮಾ ಬಂತು. ಅದರಲ್ಲಿ ಇದೇ ಪದವನ್ನು ಭೀಮಸೇನ ಜೋಶಿಯವರ ಕಂಠದಲ್ಲಿ ಕೇಳಿದಾಗ ನನಗೆ ಗಲಿಬಿಲಿಯಾಗಿತ್ತು. ಮಾತು ಅದೇ, ಧಾಟಿ ಬೇರೆ! ಅಮ್ಮನಿಗೆ ಬರುವುದಿಲ್ಲವೋ, ಜೋಶಿಯವರಿಗೆ ಬರುವುದಿಲ್ಲವೋ? ನನ್ನ ಮಟ್ಟಿಗೆ ಅಮ್ಮನದ್ದೇ ಸರಿ.

ದಾಸರು ಯಾವ ರಾಗದಲ್ಲಿ ಹಾಡಿದರೋ ಆ ಧಾಟಿ ನಮಗೆ ಬರಹದಲ್ಲಿ ಬಂದಿಲ್ಲ. ಪುರಂದರದಾಸರು ತೀರಿಕೊಂಡದ್ದು 1564ರಲ್ಲಿ ಅಂತ ಲೆಕ್ಕ. ಅಲ್ಲಿಂದ ಮುಂದೆ ಬಾಯಿಂದ ಬಾಯಿಗೆ, ತಾಳೆಗರಿಯಿಂದ ತಾಳೆಗರಿಗೆ ಮಾತು ದಾಟಿತು, ಧಾಟಿ ಆಯಾ ಊರಿನವರ ಪಾಲಿಗೆ ಬಿಟ್ಟದ್ದು. ಹಾಗಾಗಿ ಜೋಶಿಯವರದ್ದೂ ಸರಿ, ಎಂ. ಎಸ್. ಸುಬ್ಬುಲಕ್ಷ್ಮಿಯವರದ್ದೂ ಸರಿ, ನಮ್ಮ ಅಮ್ಮನದ್ದೂ ಸರಿ.

ಈ ದಾಸರ ಪದಗಳು ಮೊತ್ತಮೊದಲು ಪುಸ್ತಕವಾಗಿ ಅಚ್ಚಾದದ್ದು ಎಲ್ಲಿ ಗೊತ್ತೇ? ಹಂಪಿಯಲ್ಲಿ ಅಲ್ಲ, ಉಡುಪಿಯಲ್ಲಿ ಅಲ್ಲ, ಮೈಸೂರಿನಲ್ಲಿ ಅಲ್ಲ. ಮಂಗಳೂರಿನಲ್ಲಿ, 1850ರಲ್ಲಿ. ಅಚ್ಚು ಹಾಕಿಸಿದವರು ಹರ್ಮನ್ ಮೋಗ್ಲಿಂಗ್. 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಡಿಸಿದರಲ್ಲ, ಅದೇ ಜರ್ಮನ್ ಪಾದ್ರಿ. ನಮ್ಮ ಮನೆಯಿಂದ ಬಲ್ಮಠ ಗುಡ್ಡೆಗೆ ಒಂದು ಮುಕ್ಕಾಲು ಗಂಟೆಯ ನಡಿಗೆ. ಬಾಸೆಲ್ ಮಿಶನ್ನಿನ ಛಾಪಖಾನೆ 1841ರಲ್ಲಿ ಶುರುವಾದದ್ದು ಅಲ್ಲಿ.

ಆಗ ಅಲ್ಲಿ ಇದ್ದದ್ದು ಕಲ್ಲಚ್ಚು. ನುಣುಪು ಮಾಡಿದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಮಸಿಯ ಬರಹ ಮೂಡಿಸುತ್ತಾರೆ. ಆಮೇಲೆ ಕಲ್ಲಿಗೆ ನೀರು ಸವರುತ್ತಾರೆ. ಬರಹ ಇಲ್ಲದ ಕಡೆ ಕಲ್ಲು ನೀರು ಕುಡಿಯುತ್ತದೆ, ಜಿಡ್ಡಿನ ಅಕ್ಷರ ನೀರನ್ನು ದೂರ ಇಡುತ್ತದೆ. ಆಗ ಮಸಿಯ ಉರುಳೆ ಉರುಳಿಸಿದರೆ ಮಸಿ ಅಕ್ಷರಕ್ಕೆ ಮಾತ್ರ ಅಂಟುತ್ತದೆ, ಒದ್ದೆ ಕಲ್ಲಿಗೆ ಇಲ್ಲ. ಕಾಗದ ಇಟ್ಟು ಒತ್ತಿದರೆ ಆಯಿತು. ಅಂದರೆ ಒಬ್ಬ ಮನುಷ್ಯ ಕೈಯಲ್ಲಿ ಬರೆದದ್ದೇ ನೂರಾರು ಪ್ರತಿಯಾಗಿ ಬರುತ್ತದೆ. ಈ ವಿದ್ಯೆಯನ್ನು 1796ರ ಸುಮಾರಿಗೆ ಜರ್ಮನಿಯ ಅಲೋಯಿಸ್ ಸೆನೆಫೆಲ್ಡರ್ ಕಂಡುಹಿಡಿದಾಗ ಮೊದಲಿಗೆ ಅದರಿಂದ ಅಚ್ಚು ಹಾಕಿದ್ದರಲ್ಲಿ ಸಂಗೀತದ ಹಾಳೆಗಳೂ ಇದ್ದವು. ಹಾಡಿಗೂ ಕಲ್ಲಿಗೂ ಹುಟ್ಟಿನಿಂದಲೇ ನಂಟು!

ಹಾಗಾಗಿ 1850ರ ಆ ‘ದಾಸರ ಪದಗಳು’ ಅಂದರೆ ಒಂದು ರೀತಿಯಲ್ಲಿ ಅಮ್ಮನ ಪುಸ್ತಕದ ಹಾಗೆಯೇ, ಯಾರದೋ ಕೈಬರಹ. ಯಾರೋ ಕೂತು, ಕೇಳಿ, ಮೊದಲ ಸಲ ಸಾಲು ಸಾಲಾಗಿ ಬರೆದದ್ದು. ಮೋಗ್ಲಿಂಗ್ ದಾಸರ ಭಕ್ತರಾಗಿ ಇದನ್ನು ಮಾಡಲಿಲ್ಲ. ಈ ಜನರ ಮನಸ್ಸು ತಿಳಿಯದೆ, ಇವರ ನುಡಿ ಕಲಿಯದೆ ಇವರಿಗೆ ಕ್ರಿಸ್ತನನ್ನು ಹೇಳುವುದು ಹೇಗೆ ಅನ್ನುವುದು ಮಿಶನ್ನಿನ ಲೆಕ್ಕಾಚಾರ. ಆದರೆ ಅವರು ಅಚ್ಚು ಹಾಕಿಸಿದರು. ಅದೇ ಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣ ಎಲ್ಲ ಬಂದವು. ಇಷ್ಟು ಗೊತ್ತಾದ ಮೇಲೆ ಅಮ್ಮ ದೀಪ ಹಚ್ಚಿ ಪದ ಹೇಳುವಾಗ ನನಗೆ ಬಲ್ಮಠದ ಕಲ್ಲು ಕಾಣುತ್ತದೆ.

*

ನಾಲ್ಕೈದು ಪುಟ ದಾಟಿದರೆ ಬಿ. ಎಂ. ಶ್ರೀಯವರ ‘ಕರುಣಾಳು ಬಾ ಬೆಳಕೆ’. ಅಮ್ಮ ಓದಿದ್ದು ಏಳನೇ ಕ್ಲಾಸು. ಅವಳ ಶಾಲೆಯಲ್ಲಿ ದಿನಾ ಬೆಳಿಗ್ಗೆ ಅದೇ ಪ್ರಾರ್ಥನೆ. ಅದು ಇಂಗ್ಲಿಷಿನಿಂದ ಬಂದ ಪದ್ಯ ಅಂತ ನಾನು ಹೇಳಿದಾಗ ಅವಳು ನಂಬಲೇ ಇಲ್ಲ. ‘ನಮ್ಮ ಮಾಸ್ಟ್ರು ಹಾಗೆ ಹೇಳಲಿಲ್ಲ’ ಅಂದಳು. ಅಷ್ಟರ ಮಟ್ಟಿಗೆ ಅದು ಕನ್ನಡವಾಗಿಬಿಟ್ಟಿದೆ.

ಮೂಲ ಬರೆದವರು ಜಾನ್ ಹೆನ್ರಿ ನ್ಯೂಮನ್, 1833ರ ಜೂನಿನಲ್ಲಿ. ಇಟಲಿ ಪ್ರವಾಸದಲ್ಲಿ ಸಿಸಿಲಿ ದ್ವೀಪದಲ್ಲಿ ಜ್ವರ ಬಂದು ಸಾವಿನ ಬಾಗಿಲು ತಟ್ಟಿ ವಾಪಸು ಬಂದಿದ್ದರು. ಊರಿಗೆ ಹೋಗುವ ಆತುರ. ಕಿತ್ತಳೆ ಹಣ್ಣು ಹೇರಿದ ಒಂದು ಹಾಯಿಹಡಗು ಹತ್ತಿದರೆ ಅದು ಕಾರ್ಸಿಕಾ ಮತ್ತು ಸಾರ್ಡೀನಿಯಾ ದ್ವೀಪಗಳ ನಡುವೆ ಗಾಳಿ ಇಲ್ಲದೆ ದಿನಗಟ್ಟಲೆ ನಿಂತುಬಿಟ್ಟಿತು. ಹಡಗು ಹಂದದೆ ನಿಂತಲ್ಲಿ ಬರೆದ ಪದ್ಯ ಅದು. ಮುಂದಿನ ದಾರಿಯೆಲ್ಲ ಕಾಣುವುದು ಬೇಡ, ಒಂದು ಹೆಜ್ಜೆ ಕಂಡರೆ ಸಾಕು ಅನ್ನುವ ಭಾವ ಎಲ್ಲಿಂದ ಬಂತು ಅಂತ ಇದರಿಂದ ತಿಳಿಯುತ್ತದೆ. ಗಾಂಧೀಜಿಗೆ ಅದು ಪ್ರಿಯವಾಗಿತ್ತು. ಬಿ. ಎಂ. ಶ್ರೀ ಅದನ್ನು ಕನ್ನಡಕ್ಕೆ ತಂದರು, ‘ಇಂಗ್ಲಿಷ್ ಗೀತಗಳು’ ಸಂಕಲನದಲ್ಲಿ ಅದು ಇದೆ. ಆ ಪುಸ್ತಕ 1926ರಲ್ಲಿ ಬಂತು.

ನನಗೆ ಈ ಹಾಡು ಯಾಕೆ ಮುಖ್ಯ? ಅಪ್ಪ ಆಸ್ಪತ್ರೆಯಲ್ಲಿದ್ದ ಕೊನೆಯ ರಾತ್ರಿ ಅಮ್ಮ ಮಂಚದ ಪಕ್ಕ ಸ್ಟೂಲಿನಲ್ಲಿ ಕೂತು ಅದನ್ನೇ ಗುನುಗುತ್ತಿದ್ದಳು. ದೇವರನಾಮ ಅಲ್ಲ, ಸಿನಿಮಾ ಹಾಡಲ್ಲ, ಏಳನೇ ಕ್ಲಾಸಿನ ಪ್ರಾರ್ಥನೆ. ಕಷ್ಟದಲ್ಲಿ ನಾಲಿಗೆಗೆ ಬರುವ ಹಾಡು ಯಾವುದು ಅಂತ ಮೊದಲೇ ಹೇಳಲಿಕ್ಕಾಗುವುದಿಲ್ಲ.

*

ಮುಂದಿನದ್ದು ಕ್ರಿಸ್ಮಸ್ ಹಾಡು, ಕನ್ನಡದಲ್ಲಿ. ನಮ್ಮ ಎದುರು ಮನೆಯಲ್ಲಿ ಪ್ರೊಟೆಸ್ಟೆಂಟ್ ಟೀಚರೊಬ್ಬರಿದ್ದರು. ಡಿಸೆಂಬರ್ ಬಂತೆಂದರೆ ಅವರ ಮನೆಯಲ್ಲಿ ಹಾರ್ಮೋನಿಯಂ ಅಭ್ಯಾಸ ಶುರು. ಅಮ್ಮ ನಮ್ಮ ಅಂಗಳದಲ್ಲಿ ಬಟ್ಟೆ ಒಗೆಯುತ್ತಾ ಕೇಳಿ ಕೇಳಿ, ಒಂದು ದಿನ ಸೀದಾ ಹೋಗಿ ‘ಟೀಚರ್, ಅದರ ಮಾತು ಬರೆದುಕೊಡಿ’ ಅಂತ ಕೇಳಿದಳಂತೆ. ಟೀಚರ್ ತಾವೇ ಪುಸ್ತಕದಲ್ಲಿ ಬರೆದುಕೊಟ್ಟಿದ್ದಾರೆ. ಇಡೀ ನೋಟ್‌ಬುಕ್ಕಿನಲ್ಲಿ ಒತ್ತು, ದೀರ್ಘ ತಪ್ಪದ ಎರಡು ಪುಟ ಅಂದರೆ ಅದೇ!

ಶಾಂತ ರಾತ್ರಿಯ ಆ ಹಾಡು ನಿಮಗೂ ಗೊತ್ತು. 1818ರ ಡಿಸೆಂಬರ್ 24ರಂದು ಆಸ್ಟ್ರಿಯಾದ ಸಾಲ್ಜ್‌ಬರ್ಗ್ ಹತ್ತಿರದ ಓಬರ್ನ್‌ಡಾರ್ಫ್ ಎಂಬ ಹಳ್ಳಿಯ ಚರ್ಚಿನಲ್ಲಿ ಅದನ್ನು ಮೊದಲು ಹಾಡಿದ್ದು ಇಬ್ಬರು. ಮಾತು ಬರೆದ ಕಿರಿಯ ಪಾದ್ರಿ ಜೋಸೆಫ್ ಮೋರ್, ಧಾಟಿ ಹಾಕಿದ ಶಾಲಾ ಮಾಸ್ಟರು ಫ್ರಾನ್ಸ್ ಕ್ಸೇವರ್ ಗ್ರೂಬರ್. ಪಕ್ಕವಾದ್ಯ ಒಂದು ಗಿಟಾರು. ಮಾತು 1816ರಲ್ಲೇ ಬರೆದಿತ್ತು. ನೆಪೋಲಿಯನ್ನನ ಯುದ್ಧಗಳು ಮುಗಿದು ವರ್ಷವಷ್ಟೇ ಆಗಿತ್ತು, ಬೇಸಿಗೆಯೇ ಬಾರದೆ ಯುರೋಪಿನಲ್ಲಿ ಬೆಳೆ ಹಾಳಾದ ವರ್ಷ ಅದು. ಶಾಂತಿ ಬೇಕು ಅನ್ನುವುದು ಬರೇ ಮಾತಲ್ಲ ಆಗ.

ಆ ಹಾಡು ಹುಟ್ಟಿ 16 ವರ್ಷಕ್ಕೆ, 1834ರ ಅಕ್ಟೋಬರ್ 30ರಂದು ಬಾಸೆಲ್ ಮಿಶನ್ನಿನ ಮೂವರು, ಹೆಬಿಕ್, ಲೇನರ್, ಗ್ರೈನರ್, ಮಂಗಳೂರಿಗೆ ಬಂದು ಇಳಿದರು. ಹಾಡುವುದು ಅವರ ಭಕ್ತಿಯ ಮುಖ್ಯ ಭಾಗ. ಜರ್ಮನ್ ಧಾಟಿಗೆ ಕನ್ನಡದ ಮಾತು ಕೂರಿಸುವ ಕೆಲಸ ಶುರುವಾಯಿತು. ಅದು ಎಷ್ಟು ಕಷ್ಟ ಅಂತ ಹಾಡಿ ನೋಡಿದವರಿಗೆ ಗೊತ್ತು. ಅವರ ಧಾಟಿಯಲ್ಲಿ ಒತ್ತು ಬೀಳುವ ಕಡೆ ನಮ್ಮ ಮಾತಿನ ಪ್ರತ್ಯಯ ಬಂದು ಕೂರುತ್ತದೆ. ಇದಕ್ಕೆ ಉಲ್ಟಾ ದಾರಿ ಹಿಡಿದವರು ನಮ್ಮ ನಿಘಂಟಿನ ಕಿಟ್ಟೆಲ್. 1862ರಲ್ಲಿ ‘ಕಥಾಮಾಲೆ’ಯಲ್ಲಿ ಯೇಸುವಿನ ಕತೆಯನ್ನು ನಮ್ಮ ದೇಸಿ ಛಂದಸ್ಸಿನಲ್ಲೇ ಹೇಳಿದರು. ಅವರ ಮಾತನ್ನು ನಮ್ಮ ಮಟ್ಟಿಗೆ, ನಮ್ಮ ಮಾತನ್ನು ಅವರ ಮಟ್ಟಿಗೆ, ಎರಡೂ ಕೊಡುಕೊಳ್ಳುವಿಕೆ ಇದೇ ಊರಿನಲ್ಲಿ ನಡೆದಿದೆ.

ನಮ್ಮ ಮನೆಯಲ್ಲಿ ಆ ಹಾಡು ಜೋಗುಳವಾಯಿತು. ನನ್ನ ತಂಗಿ ಮಲಗುತ್ತಿದ್ದದ್ದೇ ಅದಕ್ಕೆ. ಚೌತಿ ಇರಲಿ, ನವರಾತ್ರಿ ಇರಲಿ, ತೊಟ್ಟಿಲ ಬಳಿ ಮಾತ್ರ ವರ್ಷವಿಡೀ ಕ್ರಿಸ್ಮಸ್ಸು.

*

ಆಮೇಲೆ ಕೊಂಕಣಿ. ಹಿಂದಿನ ಮನೆಯ ಬಾಯಮ್ಮ ಮತ್ತು ಅಮ್ಮ ದೋಸ್ತಿಗಳು. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಒಂಬತ್ತು ದಿನ ಮೊದಲಿನಿಂದ ಅವರ ಮಕ್ಕಳು ತಟ್ಟೆ ಹಿಡಿದು ಚರ್ಚಿಗೆ ಹೂ ಒಯ್ಯುತ್ತಿದ್ದರು, ಕನ್ಯಾ ಮರಿಯಮ್ಮನ ಹಾಡು ಹೇಳಿ ಹೂ ಹಾಕಲಿಕ್ಕೆ. ಹೂ ಕೊಯ್ಯುತ್ತಿದ್ದದ್ದು ನಮ್ಮ ಅಂಗಳದಿಂದ. ನಾವೂ ಜೊತೆಗೆ ನಡೆದು ನಡೆದು ಆ ಹಾಡು ನಮಗೂ ಬಾಯಿಪಾಠ. ಅರ್ಥ ಅರ್ಧ ಗೊತ್ತು, ಅರ್ಧ ಇಲ್ಲ.

ಅದಕ್ಕಿಂತ ಹೆಚ್ಚು ಪುಟ ಹಿಡಿದಿರುವುದು ವಿಲ್ಫಿ ರೆಬಿಂಬಸ್. ಕೊಂಕಣ್ ಕೋಗುಳ್, ಅಂದರೆ ಕೊಂಕಣ ಕೋಗಿಲೆ ಅಂತಲೇ ಅವರಿಗೆ ಹೆಸರು. ಹುಟ್ಟಿದ್ದು 1942, ತೀರಿಕೊಂಡದ್ದು 2010. ಅವರ ಕ್ಯಾಸೆಟ್ಟು ಇಲ್ಲದ ಕೊಂಕಣಿ ಮನೆ ಆಗ ಜೆಪ್ಪಿನಲ್ಲಿ ಇರಲಿಲ್ಲ. ಗೋಡೆ ಒಂದೇ ಆದ ಮೇಲೆ ನಮಗೆ ಬೇರೆ ಕ್ಯಾಸೆಟ್ಟು ಯಾಕೆ? ಗಲ್ಫಿಗೆ ಹೋದ ಗಂಡನನ್ನು ನೆನೆಸಿಕೊಂಡು ಬಾಯಮ್ಮ ಪಾತ್ರೆ ತೊಳೆಯುತ್ತಾ ಹಾಡುವುದು, ಈಚೆ ಅಮ್ಮ ಎರಡನೇ ಸಾಲು ಎತ್ತಿಕೊಳ್ಳುವುದು. ಅಮ್ಮನಿಗೆ ಕೊಂಕಣಿ ಮಾತಾಡಲು ಈಗಲೂ ಬರುವುದಿಲ್ಲ. ಹಾಡಲು ಬರುತ್ತದೆ!

2008ರ ಜನವರಿ 26 ಮತ್ತು 27ರಂದು ಶಕ್ತಿನಗರದ ಕಲಾಂಗಣದಲ್ಲಿ ಮಾಂಡ್ ಸೊಭಾಣ್ ಸಂಸ್ಥೆಯವರು 40 ಗಂಟೆ ಒಂದೇ ಸಮನೆ ಕೊಂಕಣಿ ಹಾಡಿಸಿದರು. 1,711 ಗಾಯಕರು, ಗಿನ್ನೆಸ್ ದಾಖಲೆ. ಪತ್ರಿಕೆಯಲ್ಲಿ ಓದಿ ಅಮ್ಮ ಹೇಳಿದ್ದು, ‘ನನ್ನನ್ನು ಕರೆದಿದ್ದರೆ 1,712 ಆಗುತ್ತಿತ್ತು’.

ಈ ಕೊಂಕಣಿ ಹಾಡುಗಳನ್ನೂ ಅಮ್ಮ ಬರೆದದ್ದು ಕನ್ನಡ ಅಕ್ಷರದಲ್ಲೇ. ಇದರಲ್ಲಿ ಅವಳದ್ದೇನೂ ವಿಶೇಷ ಇಲ್ಲ, ಮಂಗಳೂರಿನ ಕೊಂಕಣಿಯವರು ಬರೆಯುವುದೇ ಹಾಗೆ. ಗೋವಾದಲ್ಲಿ ದೇವನಾಗರಿ, ರೋಮನ್, ಕೇರಳದಲ್ಲಿ ಮಲಯಾಳಂ, ಇಲ್ಲಿ ಕನ್ನಡ. 1912ರಲ್ಲಿ ಮಂಗಳೂರಿನಲ್ಲಿ ಶುರುವಾದ ‘ಕೊಂಕಣಿ ದಿರ್ವೆಂ’ ಪತ್ರಿಕೆಯೂ ಕನ್ನಡ ಲಿಪಿಯದ್ದೇ. ನಮ್ಮ ಅಕ್ಷರಮಾಲೆ ಈ ಊರಿನಲ್ಲಿ ಎಷ್ಟು ಭಾಷೆಗಳ ಹಾಡು ಹೊತ್ತುಕೊಂಡಿದೆ ಅಂತ ಆ ಒಂದು ನೋಟ್‌ಬುಕ್ಕು ನೋಡಿದರೆ ಸಾಕು.

*

1976ರ ಡಿಸೆಂಬರಿನಲ್ಲಿ ಮಂಗಳೂರು ಆಕಾಶವಾಣಿ ಬಂತು. ಅಲ್ಲಿಂದ ಮುಂದಿನ ಪುಟಗಳೆಲ್ಲ ಅವಸರದ ಪೆನ್ಸಿಲ್ ಬರಹ. ರೇಡಿಯೋದವರು ಒಂದು ಸಲ ಹಾಕುತ್ತಾರೆ, ಅಷ್ಟರಲ್ಲಿ ಸಿಕ್ಕಿದ್ದು ಬರೆದುಕೊಳ್ಳಬೇಕು. ಸಿಗದ ಸಾಲಿಗೆ ಜಾಗ ಬಿಟ್ಟು ಮುಂದೆ ಹೋಗುವುದು. ಇನ್ನೊಂದು ದಿನ ಅದೇ ಹಾಡು ಬಂದರೆ ಜಾಗ ತುಂಬುವುದು. ಕೆಲವು ಹಾಡಿನಲ್ಲಿ ಎರಡನೇ ಚರಣದ ಮೂರನೇ ಸಾಲು ಇವತ್ತಿಗೂ ಖಾಲಿ ಇದೆ. ಈಗ ಫೋನಿನಲ್ಲಿ ಒತ್ತಿದರೆ ಬರುತ್ತದೆ. ಆದರೆ ನಾನು ತುಂಬಲು ಹೋಗಿಲ್ಲ.

ಇದೇ ಪುಟಗಳಲ್ಲಿ ತುಳು ಸಿನಿಮಾ ಹಾಡುಗಳಿವೆ. ಮೊದಲ ತುಳು ಸಿನಿಮಾ ‘ಎನ್ನ ತಂಗಡಿ’ ಬಂದದ್ದು 1971ರಲ್ಲಿ. 1973ರಲ್ಲಿ ವಿಶುಕುಮಾರ್ ಅವರ ‘ಕೋಟಿ ಚೆನ್ನಯ’. ಅದರ ಹಾಡು ಅಮ್ಮನ ಪುಸ್ತಕದಲ್ಲಿ ಇದೆ, ಮೇಲೆ ಸಿನಿಮಾದ ಹೆಸರು, ಕೆಳಗೆ ಗೆರೆ. ಕೋಟಿ ಚೆನ್ನಯರ ಪಡುಮಲೆ ಇರುವುದು ಪುತ್ತೂರಿನ ಕಡೆ, ಅಮ್ಮನ ತವರಿನ ದಿಕ್ಕು. ಸಿನಿಮಾ ನೋಡಿ ಬಂದು ಮೂರು ದಿನ ಅದೇ ಮಾತಂತೆ.

ಈಗ ನೋಡಿ, ನಾನು ಆಗ ಹೇಳಿದ ಇಲ್ಲದ ಹಾಡಿನ ವಿಷಯ ಬಂತು.

ಆ ಕೋಟಿ ಚೆನ್ನಯರ ಹಾಡು ಮನೆಯಲ್ಲೇ ಇತ್ತು. ಅಜ್ಜಿಯ ಬಾಯಲ್ಲಿ. ಮಳೆಗಾಲದಲ್ಲಿ ಕಂಪೆನಿಯ ಕೆಲಸ ಕಡಿಮೆ, ಆಗ ಅವಳು ಜೆಪ್ಪಿನಮೊಗರಿನ ಗದ್ದೆಗಳಿಗೆ ಏಣೆಲಿನ ನೇಜಿ ನೆಡಲು ಹೋಗುತ್ತಿದ್ದಳು. ಬಗ್ಗಿ ನೆಡುವ ಹೆಂಗಸರ ಸಾಲಿನಲ್ಲಿ ಒಬ್ಬಳು ಪಾಡ್ದನ ಹೇಳಿಕೊಡುವವಳು, ಉಳಿದವರು ಸೊಲ್ಲು ಎತ್ತುವವರು. ಹೇಳಿಕೊಡುವವಳು ನಮ್ಮ ಅಜ್ಜಿ. ದೇಯಿ ಬೈದೆತಿ ತುಂಬಿದ ಬಸುರಿ, ಮದ್ದು ಗೊತ್ತಿದ್ದವಳು. ಕಾಲಿಗೆ ಮುಳ್ಳು ಚುಚ್ಚಿ ನಂಜಾಗಿ ಮಲಗಿದ ಪಡುಮಲೆಯ ಬಲ್ಲಾಳರಿಗೆ ಮದ್ದು ಮಾಡಲು ಅವಳಿಗೆ ಕರೆ ಬರುತ್ತದೆ. ಅವಳು ಹೊರಡುವ ಆ ಭಾಗವನ್ನು ಅಜ್ಜಿ ಎಳೆದೆಳೆದು ಹೇಳುತ್ತಿದ್ದಳು. ಹುಟ್ಟಿದ ಅವಳಿ ಮಕ್ಕಳಿಗೆ ತಾಯಿ ಹೆಚ್ಚು ದಿನ ದಕ್ಕಲಿಲ್ಲ ಅನ್ನುವಲ್ಲಿ ಸ್ವರ ಇಳಿಯುತ್ತಿತ್ತು. ಮಕ್ಕಳು ದೊಡ್ಡವರಾಗಿ ಬುದ್ಯಂತನ ಜೊತೆ ಗದ್ದೆಯ ವಿಷಯಕ್ಕೆ ಜಗಳ ಬೀಳುವಲ್ಲಿ ನೆಡುವ ಕೈ ಜೋರಾಗುತ್ತಿತ್ತಂತೆ! ಮನೆಯಲ್ಲಿ ಭತ್ತ ಕೇರುವಾಗ, ನನ್ನ ತಲೆಗೆ ಎಣ್ಣೆ ತಿಕ್ಕುವಾಗ ಅದರದ್ದೇ ತುಣುಕುಗಳು.

ಅಮ್ಮ ಒಮ್ಮೆ ಕೇಳಿದ್ದಳಂತೆ, ‘ಅತ್ತೆ, ನೀವು ಹೇಳಿ, ನಾನು ಬರೆಯುತ್ತೇನೆ’ ಅಂತ. ಅಜ್ಜಿ ನಕ್ಕು ತುಳುವಿನಲ್ಲಿ ಹೇಳಿದ್ದು, ‘ಅವು ಪದ ಅತ್ತ್ ಮಗಾ, ಅವು ಬೇಲೆ.’ ಅದು ಹಾಡಲ್ಲ, ಕೆಲಸ. ಅಮ್ಮನೂ ಒತ್ತಾಯ ಮಾಡಲಿಲ್ಲ. ನಿಜ ಹೇಳಬೇಕೆಂದರೆ ಅವಳಿಗೂ ಒಳಗೊಳಗೆ ಹಾಗೇ ಅನಿಸಿತ್ತು. ಪುಸ್ತಕದಲ್ಲಿ ಬರೆಯುವುದು ರೇಡಿಯೋದಲ್ಲಿ ಬಂದದ್ದನ್ನು, ಸಿನಿಮಾದಲ್ಲಿ ಬಂದದ್ದನ್ನು, ದೇವರ ಮುಂದೆ ಹೇಳುವುದನ್ನು. ಗದ್ದೆಯ ಕೆಸರಲ್ಲಿ ಹೇಳುವುದನ್ನು ಯಾರಾದರೂ ಬರೆಯುತ್ತಾರೆಯೇ?

ಅಮ್ಮನನ್ನು ಯಾಕೆ ದೂರುವುದು, ನನ್ನ ಕತೆ ಕೇಳಿ. 1988ರಲ್ಲಿ ಮಾವ ಗಲ್ಫಿನಿಂದ ಟೇಪ್ ರೆಕಾರ್ಡರ್ ತಂದುಕೊಟ್ಟರು. ಅಜ್ಜಿ ತೀರಿಕೊಂಡದ್ದು 1991ರಲ್ಲಿ. ಮಧ್ಯದ ಮೂರು ವರ್ಷ ನಾನು ರೇಡಿಯೋದಿಂದ ಏನೇನು ರೆಕಾರ್ಡ್ ಮಾಡಿಲ್ಲ! ಒಂದು ಕ್ಯಾಸೆಟ್ಟಿನಲ್ಲಿ ಚಿತ್ರಗೀತೆಯ ನಡುವೆ ಅಜ್ಜಿಯ ಸ್ವರ ಇದೆ. ರೇಡಿಯೋ ಸ್ವಲ್ಪ ಸಣ್ಣ ಮಾಡು ಅಂತ ಹೇಳುತ್ತಿದ್ದಾಳೆ. ನನ್ನ ಹತ್ತಿರ ಇರುವ ಅವಳ ಸ್ವರ ಅಷ್ಟೇ. ಅವಳು ಹೇಳುತ್ತಿದ್ದ ಮಾತಲ್ಲಿ ಸತ್ಯ ಇತ್ತು ನೋಡಿ, ರೇಡಿಯೋ ಸಣ್ಣ ಮಾಡಬೇಕಿತ್ತು.

*

ಪುಸ್ತಕ ಸಿಕ್ಕಿದ ಮೇಲೆ ಇದರ ಹಿಂದೆ ಬಿದ್ದೆ. ಬಾಸೆಲ್ ಮಿಶನ್ನಿನ ಎ. ಮೆನ್ನರ್ ಎಂಬ ಪಾದ್ರಿ 1886ರಲ್ಲಿ, ತಮ್ಮ ತುಳು ನಿಘಂಟು ಬಂದ ವರ್ಷವೇ, ‘ಪಾಡ್ದನೊಳು’ ಅಂತ ಒಂದು ಪುಸ್ತಕ ತಂದಿದ್ದಾರೆ. ತುಳು ಪಾಡ್ದನಗಳು, ಕನ್ನಡ ಲಿಪಿಯಲ್ಲಿ, ಮಂಗಳೂರಿನ ಅದೇ ಛಾಪಖಾನೆಯಲ್ಲಿ. ಹಾಗೆಯೇ ಮಂಗಳೂರಿನಲ್ಲಿ ನ್ಯಾಯಾಧೀಶರಾಗಿದ್ದ ಎ. ಸಿ. ಬರ್ನೆಲ್ ಸಂಗ್ರಹಿಸಿದ ಪಾಡ್ದನಗಳು ಅವರು ತೀರಿಕೊಂಡ ಮೇಲೆ, 1894ರಿಂದ ‘ಇಂಡಿಯನ್ ಆಂಟಿಕ್ವೆರಿ’ ಪತ್ರಿಕೆಯಲ್ಲಿ ಇಂಗ್ಲಿಷ್ ಅನುವಾದದೊಂದಿಗೆ ಬಂದವು. ಅದರಲ್ಲಿ ಕೋಟಿ ಚೆನ್ನಯರ ಕತೆ ಇದೆ. ಅದಕ್ಕೆ ಇಟ್ಟ ಹೆಸರು ಮಾತ್ರ ‘ತುಳುವರ ಪಿಶಾಚಿ ಪೂಜೆ’ ಅನ್ನುವ ಅರ್ಥದ್ದು. ನಮ್ಮ ದೈವಗಳು ಅವರಿಗೆ ಪಿಶಾಚಿಗಳು. ಓದುವಾಗ ಸಿಟ್ಟು ಬರುತ್ತದೆ. ಆದರೆ ಆ ಸಿಟ್ಟನ್ನು ಎಲ್ಲಿ ಇಡಲಿ? ಒಪ್ಪದವರು ಕೂತು ಬರೆದುಕೊಂಡರು. ಅದನ್ನೇ ಕೇಳಿ ಬೆಳೆದ ನಾವು ಬರೆಯಲಿಲ್ಲ.

ನಮ್ಮವರು ಮಾಡಲೇ ಇಲ್ಲ ಅಂತ ಅಲ್ಲ. ನೇತ್ರಾವತಿಯ ಆಚೆ ಸೋಮೇಶ್ವರದಲ್ಲಿದ್ದ ಅಮೃತ ಸೋಮೇಶ್ವರರು (2024ರಲ್ಲಿ ತೀರಿಕೊಂಡರು) ಪಾಡ್ದನಗಳಿಗಾಗಿ ದಶಕಗಟ್ಟಲೆ ದುಡಿದರು. ಉಜಿರೆ ಕಡೆಯ ಗೋಪಾಲ ನಾಯ್ಕರು ಹೇಳಿದ ಸಿರಿ ಪಾಡ್ದನವನ್ನು ಫಿನ್ಲೆಂಡಿನ ಲೌರಿ ಹಾಂಕೊ ಮತ್ತು ನಮ್ಮ ಬಿ. ಎ. ವಿವೇಕ ರೈ, ಚಿನ್ನಪ್ಪ ಗೌಡರು ದಾಖಲಿಸಿ 1998ರಲ್ಲಿ ಅಚ್ಚಿಗೆ ತಂದರು. 15,683 ಸಾಲು! ಒಬ್ಬ ಮನುಷ್ಯನ ನೆನಪಿನಿಂದ. ಪಾಡ್ದನ ಕಳೆದುಹೋಗಿಲ್ಲ. ನಮ್ಮ ಅಜ್ಜಿಯದ್ದು ಕಳೆದುಹೋಯಿತು, ಅಷ್ಟೇ. ಪಾಡ್ದನಕ್ಕೆ ಒಂದೇ ಪಾಠ ಅಂತ ಇಲ್ಲವಲ್ಲ. ಹೇಳುವವಳು ಬದಲಾದರೆ ಸಾಲು ಬದಲಾಗುತ್ತದೆ. ದಾಸರ ಪದದಲ್ಲಿ ಮಾತು ಉಳಿದು ಧಾಟಿ ಹೋಯಿತು. ನನಗೆ ಅಜ್ಜಿಯ ಧಾಟಿ ಈಗಲೂ ಕಿವಿಯಲ್ಲಿದೆ, ಮಾತು ಇಲ್ಲ.

ಕಳೆದ ಆಟಿ ತಿಂಗಳಲ್ಲಿ, ಹೊರಗೆ ಬಿಡದೆ ಮಳೆ, ಅಮ್ಮನ ಪಕ್ಕ ಕೂತು ಅಚ್ಚಾದ ಒಂದು ಕೋಟಿ ಚೆನ್ನಯ ಪಾಡ್ದನವನ್ನು ಗಟ್ಟಿಯಾಗಿ ಓದಿದೆ. ಅಮ್ಮನಿಗೆ ಈಗ ಎಪ್ಪತ್ತಾರು. ಬೀಡಿ ಕಟ್ಟಿ ಕಟ್ಟಿ ಬೆರಳು ಸೆಟೆದುಕೊಂಡಿದೆ, ಕಣ್ಣು ಮಂಜು. ದೇಯಿಯನ್ನು ಕರೆಯಲು ಆಳು ಬರುವಲ್ಲಿ ಓದುತ್ತಿದ್ದೆ. ಅಮ್ಮ ಕೈ ಎತ್ತಿ ನಿಲ್ಲಿಸಿದಳು.

‘ಅತ್ತೆ ಹಾಗೆ ಹೇಳ್ತಿರಲಿಲ್ಲ.’

‘ಮತ್ತೆ ಹೇಗೆ?’ ಅಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಹೇಳಿದಳು. ಹಾಡಿದ್ದಲ್ಲ, ಮಾತಿನ ಹಾಗೆ. ಐದು ಸಾಲು ಬಂತು. ಮರುದಿನ ಬೆಳಿಗ್ಗೆ ದೋಸೆ ಹೊಯ್ಯುವಾಗ ಇನ್ನೆರಡು. ವಾರ ಕಳೆದು ದೇಯಿ ಮನೆ ಬಿಟ್ಟು ಹೊರಡುವಾಗ ತುಳಸಿಗೆ ಸುತ್ತು ಬರುವ ನಾಲ್ಕು ಸಾಲು. ನಾನು ಓದಿದ ಅಚ್ಚಿನ ಪಾಠದಲ್ಲಿ ತುಳಸಿ ಇರಲಿಲ್ಲ. ಅದು ನಮ್ಮ ಅಜ್ಜಿ ಸೇರಿಸಿದ್ದೋ, ಅವಳಿಗೆ ಹೇಳಿಕೊಟ್ಟವರದ್ದೋ... ಒಟ್ಟು ಹನ್ನೊಂದು ಸಾಲು. ಇಷ್ಟು ವರ್ಷ ಅದು ಅಮ್ಮನೊಳಗೇ ಇತ್ತು. ಯಾರೂ ತಪ್ಪು ಹೇಳಿರಲಿಲ್ಲ, ಹಾಗಾಗಿ ಅವಳಿಗೆ ತಿದ್ದುವ ಸಂದರ್ಭ ಬಂದಿರಲಿಲ್ಲ.

ನೋಟ್‌ಬುಕ್ಕಿನ ಕೊನೆಯಲ್ಲಿ ಏಳು ಖಾಲಿ ಪುಟ ಇದ್ದವು. ‘ನೀನೇ ಬರಿ’ ಅಂದಳು. ನಾನು ಒಪ್ಪಲಿಲ್ಲ. ಅವಳೇ ಬರೆದಳು, ಕನ್ನಡಕದ ಮೇಲೆ ಭೂತಗನ್ನಡಿ ಹಿಡಿದು, ಒಂದೊಂದು ಸಾಲಿಗೆ ಐದೈದು ನಿಮಿಷ. ಒತ್ತು, ದೀರ್ಘ ತಪ್ಪಿದೆ, ಮೊದಲಿನ ಹಾಗೆಯೇ. ಮೇಲೆ ಶೀರ್ಷಿಕೆ ಹಾಕುವಾಗ ಒಮ್ಮೆ ತಡೆದು ಆಮೇಲೆ ‘ಅತ್ತೆಯ ಪದ’ ಅಂತ ಬರೆದು ಕೆಳಗೆ ಎರಡು ಗೆರೆ ಎಳೆದಳು. ಬೇಲೆ ಅಂತ ಬರೆಯಲಿಲ್ಲ.

ಹನ್ನೊಂದು ಸಾಲು ಅಂದರೆ ಏನೂ ಅಲ್ಲ, ಗೊತ್ತು. ಆದರೆ ಇನ್ನು ಮುಂದೆ ಯಾರಾದರೂ ನನ್ನ ಇಷ್ಟದ ಹಾಡು ಯಾವುದು ಅಂತ ಕೇಳಿದರೆ ತಡವರಿಸುವುದಿಲ್ಲ.

ನಿಮ್ಮ ಮನೆಯಲ್ಲೂ ‘ಅದು ಹಾಡಲ್ಲ’ ಅಂತ ಹೇಳುವ ಒಬ್ಬರು ಇದ್ದೇ ಇರುತ್ತಾರೆ. ಬೀಸುವಾಗ, ತೊಟ್ಟಿಲು ತೂಗುವಾಗ, ಸೋಬಾನೆಗೆ, ದನ ಕರೆಯುವಾಗ ಏನೋ ಒಂದು ಹೇಳುತ್ತಿರುತ್ತಾರೆ. ಸುಮ್ಮನೆ ಹೇಳಿ ಅಂದರೆ ಹೇಳುವುದಿಲ್ಲ, ನಾಚಿಕೊಳ್ಳುತ್ತಾರೆ. ನನ್ನದೊಂದು ಉಪಾಯ ಹೇಳುತ್ತೇನೆ. ಅವರ ಎದುರು ಕೂತು ಬೇಕೆಂದೇ ತಪ್ಪಾಗಿ ಹಾಡಿ. ತಿದ್ದದೆ ಇರಲಿಕ್ಕೆ ಅವರಿಂದ ಆಗುವುದಿಲ್ಲ. ಅಷ್ಟರಲ್ಲಿ ಮೊಬೈಲು ಆನ್ ಮಾಡಿ ಇಟ್ಟಿರಿ ಮಾರಾಯ್ರೆ, ರೇಡಿಯೋ, ಟೀವಿ ಸಣ್ಣ ಮಾಡಿ.